ಕಿವಿಯ ನರ ಮತ್ತೆ ಚಿಗುರುತ್ತಾ?

ಸ್ಟೆಮ್ ಸೆಲ್ ಹಾಕಿ ಕಿವಿ ಕೇಳೋ ಹಾಗೆ ಮಾಡ್ತಾರಂತೆ, ನಿಜಾನಾ? ಬನ್ನಿ, ಇದರ ಇತಿಹಾಸ ಹೇಳ್ತೀನಿ.

1957ರಲ್ಲಿ ಪ್ಯಾರಿಸ್‌ನ ಜೂರ್ನೊ ಮತ್ತು ಐರಿಯೆಸ್, ಕಿವುಡರೊಬ್ಬರ ಶ್ರವಣ ನರಕ್ಕೆ ಕರೆಂಟ್ ಕೊಟ್ಟು ಸದ್ದು ಕೇಳಿಸಿದರು. ಇವತ್ತಿನ ಕಾಕ್ಲಿಯರ್ ಇಂಪ್ಲಾಂಟ್ ಕೆಲಸ ಮಾಡೋದೂ ಹಾಗೇ. ಆದರೆ ನರವೇ ಸತ್ತಿದ್ರೆ?

2012ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಮಾರ್ಸೆಲೊ ರಿವೋಲ್ಟಾ ತಂಡ, ಮಾನವ ಭ್ರೂಣದ ಕಾಂಡಕೋಶಗಳಿಂದ ನರಕೋಶ ಬೆಳೆಸಿ, ನರ ಹಾಳಾದ ಜರ್ಬಿಲ್ ಇಲಿಗಳ ಕಿವಿಯೊಳಗೆ ಇಟ್ಟಿತು. ಅವು ಮಿದುಳಿನ ಕಡೆಗೆ ಎಳೆ ಚಾಚಿದವು. ಕೇಳುವ ಶಕ್ತಿ ಸರಾಸರಿ 46% ಸುಧಾರಿಸಿತು.

ಆದರೆ ಇಲಿಯಿಂದ ಮನುಷ್ಯರಿಗೆ ದಾರಿ ದೂರ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಇಂಥದ್ದನ್ನು ಅನುಮತಿ ಪಡೆದ ಪ್ರಯೋಗದಲ್ಲಷ್ಟೇ ಮಾಡಬಹುದು. ಬಿ.ಕಾಂ. ಓದಿದ ನನ್ನ ಲೆಕ್ಕ ಇಷ್ಟೇ: ಹೊಲ ಅಡ ಇಟ್ಟು ದುಡ್ಡು ಕಟ್ಟಬೇಡಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮೊದಲು ಕಿವಿ ತೋರಿಸಿ.