ಹಡಗಿನ ಒಡಲೂ ಕೂಲಿಯವನ ಕಾನೂನೂ

ಚನ್ನರಾಯನದುರ್ಗ, ಮಧುಗಿರಿ, ಪಾವಗಡಗಳ ಬಂಡೆಬೆಟ್ಟಗಳ ನಡುವೆ ಬಾಳುವವರಿಗೆ ಹಡಗಿನ ಮಾತು ದೂರದ್ದೆನಿಸೀತು. ಮೂಟೆ ಹೊರುವ ಹೆಗಲು ಮಾತ್ರ ಸಂತೆಯಲ್ಲೂ ಬಂದರಿನಲ್ಲೂ ಒಂದೇ. ಬಂದರಿನಲ್ಲಿ ಅಪಾಯ ಇಮ್ಮಡಿ: ತಲೆಯ ಮೇಲೆ ಸರಕು ತೂಗಾಡುತ್ತಿರುತ್ತದೆ, ಕಾಲ ಬಳಿ ಹಡಗಿನ ಒಡಲು ಬಾಯಿ ತೆರೆದಿರುತ್ತದೆ.

ಈ ಕೂಲಿಗಳ ರಕ್ಷಣೆಗೆಂದು 1932ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದಾಯಿತು. ಅದರ ವಿಧಿಗಳು ಯಾರಿಗೂ ತಿಳಿಯುವಂಥವು. ಒಡಲು ಐದಡಿಗಿಂತ ಆಳವಾಗಿದ್ದು, ಅದರ ಬಾಯಿಯ ಕಟ್ಟೆ ಎರಡೂವರೆ ಅಡಿ ಇಲ್ಲದಿದ್ದರೆ, ಸರಕು ಸಾಗಿಸದ ಹೊತ್ತಿನಲ್ಲಿ ಮೂರಡಿಯ ಬೇಲಿ ಕಟ್ಟಬೇಕು, ಇಲ್ಲವೇ ಭದ್ರವಾಗಿ ಮುಚ್ಚಬೇಕು. ಎತ್ತುವ ಯಂತ್ರ, ಸರಪಳಿಗಳನ್ನು ಬಲ್ಲವರು ಪರೀಕ್ಷಿಸಿರಬೇಕು. ಕೆಲಸದ ಜಾಗದಲ್ಲಿ ಬೆಳಕಿರಬೇಕು.

ಇದನ್ನನುಸರಿಸಿ ನಮ್ಮಲ್ಲಿ 1934ರಲ್ಲೇ ಕಾಯಿದೆಯಾಯಿತು. ಜಾರಿಗೆ ಬಂದದ್ದು 1948ರಲ್ಲಿ! ಹದಿನಾಲ್ಕು ವರ್ಷ ಅದು ಕಾಗದದಲ್ಲಿ ಮಲಗಿತ್ತು. ಆ ನಡುವೆಯೇ, 1944ರ ಏಪ್ರಿಲ್ 14ರಂದು, ಮುಂಬಯಿ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡನ್ನೂ ಒಟ್ಟಿಗೆ ತುಂಬಿದ್ದ 'ಫೋರ್ಟ್ ಸ್ಟಿಕೀನ್' ಹಡಗು ಸಿಡಿದು ನೂರಾರು ಜನ ಸತ್ತರು. ಕಾಯಿದೆ ಜಾರಿಯಲ್ಲಿದ್ದರೆ ಅದು ತಪ್ಪುತ್ತಿತ್ತೆನ್ನಲಾರೆ. ಅದು ಯುದ್ಧಕಾಲದ ಸರಕು. ಆದರೆ ಒಡಲಿಗೆ ಬೇಲಿ ಕಟ್ಟಲು ಯುದ್ಧ ಮುಗಿಯಬೇಕಿತ್ತೇ?

ತೂಕದ ಕಥೆಯೂ ಹೀಗೆಯೇ. ಹಡಗಿಗೇರುವ ಭಾರಿ ಪೆಟ್ಟಿಗೆಯ ಮೇಲೆ ಅದರ ತೂಕ ಬರೆದಿರಬೇಕೆಂಬ 1929ರ ಒಪ್ಪಂದಕ್ಕೆ ಭಾರತ 1931ರಲ್ಲಿ ಒಪ್ಪಿತು. ಒಂದು ಟನ್ನು ಅಥವಾ ಹೆಚ್ಚು ತೂಗುವ ಪೆಟ್ಟಿಗೆಗಳಿಗೆ ಕಾಯಿದೆ ಬಂದದ್ದು 1951ರಲ್ಲಿ. ತೂಕ ತಿಳಿಯದೆ ಎತ್ತಿದರೆ ಸರಪಳಿ ಹರಿಯುತ್ತದೆ. ಹರಿದರೆ ಕೆಳಗಿರುವವನು ಕೂಲಿಯವನೇ.

ಇನ್ನು ನಮ್ಮ ಮಂಗಳೂರು. ಹಳೆಯ ಬಂದರಿಗೆ ದೊಡ್ಡ ಹಡಗು ಬರುವಂತಿರಲಿಲ್ಲ. ಕಾಫಿ, ಹೆಂಚುಗಳು ದೋಣಿಯಲ್ಲಿ ಸಾಗಿ, ದೂರ ನಿಂತ ಹಡಗಿಗೆ ಅಲೆಗಳ ನಡುವೆಯೇ ಏರಬೇಕಿತ್ತು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಡಗು ಧಕ್ಕೆಗೇ ಬಂದು ನಿಂತಿತು, ಕ್ರೇನು ಬಂತು, ಅದರೊಡನೆ ಕ್ರೇನಿನ ಅಪಾಯವೂ ಬಂತು.

1934ರ ಕಾಯಿದೆಯ ಜಾಗಕ್ಕೆ 1986ರಲ್ಲಿ ಹೊಸ ಕಾಯಿದೆಯೂ 1990ರಲ್ಲಿ ವಿವರವಾದ ನಿಯಮಗಳೂ ಬಂದವು. ಇವುಗಳ ಹೆಸರಿನಲ್ಲೇ ಸುರಕ್ಷತೆಯ ಜತೆಗೆ ಆರೋಗ್ಯ, ಕ್ಷೇಮಗಳೂ ಸೇರಿದವು. ಕುಡಿಯುವ ನೀರು, ಶೌಚಾಲಯ, ಕ್ಯಾಂಟೀನು, ಪ್ರಥಮ ಚಿಕಿತ್ಸೆ, ಮಳೆಬಿಸಿಲಿಗೆ ನೆರಳು—ಇವು ಯಜಮಾನನ ದಯೆಯಾಗಿ ಉಳಿಯದೆ ಕಾನೂನಿನ ಬಾಬತ್ತಾದವು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಕಾಯಿದೆಯನ್ನೂ ಇತರ ಹನ್ನೆರಡನ್ನೂ ಒಂದುಗೂಡಿಸಿತು.