ಯಾರ್ಕ್‌ಟೌನ್‌ನಲ್ಲಿ ಸೋತವನು ಶ್ರೀರಂಗಪಟ್ಟಣದಲ್ಲಿ ಗೆದ್ದ

ಆಫೀಸಿನ ಕ್ಯಾಂಟೀನಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ಮಾತು ಬಂದೇ ಬರುತ್ತೆ. "ಅವ್ರೂ ಬ್ರಿಟಿಷರ ಕೈಕೆಳಗಿದ್ದೋರೇ, ನಾವೂ ಅಷ್ಟೇ. ಅವ್ರು ಎಲ್ಲಿದಾರೆ, ನಾವೆಲ್ಲಿದೀವಿ ನೋಡು ಮಗಾ!" ಅವ್ರು ಅಂದ್ರೆ ಅಮೆರಿಕದವರು. ನಾನೂ ಬಹಳ ವರ್ಷ ಇದಕ್ಕೆ ತಲೆಯಾಡಿಸಿದವನೇ. ಅಷ್ಟೇ ಅಲ್ಲ, ಒಮ್ಮೆ ರಜೆಗೆ ಊರಿಗೆ ಹೋದಾಗ ಅಜ್ಜನ ಮುಂದೆ ಇದೇ ಮಾತಾಡಿ, ನಮ್ಮ ಜನ ಸೋಮಾರಿಗಳು ಅಂತ ತೀರ್ಪೂ ಕೊಟ್ಟಿದ್ದೆ. ರೋಣ ತಾಲ್ಲೂಕಿನ ಎರಿ ಹೊಲದಲ್ಲಿ ಐವತ್ತು ವರ್ಷ ಹತ್ತಿ ಬೆಳೆದ ಅಜ್ಜ ಎಲೆ ಅಡಿಕೆ ಜಗಿಯುತ್ತಾ "ಹೌದೇನಪಾ" ಅಂದು ಸುಮ್ಮನಾಗಿದ್ದ. ಆ "ಹೌದೇನಪಾ" ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಆಮೇಲೆ ಆನ್‌ಸೈಟ್ ಅಂತ ಮೂರು ತಿಂಗಳು ವರ್ಜೀನಿಯಾಕ್ಕೆ ಹೋಗಿದ್ದೆ. ಒಂದು ಶನಿವಾರ ಬೇರೆ ಕೆಲಸವಿಲ್ಲದೆ ಯಾರ್ಕ್‌ಟೌನ್ ಅನ್ನೋ ಪುಟ್ಟ ಊರಿಗೆ ಹೋದೆ. ನದಿ ದಂಡೆ, ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು, ಒಂದಷ್ಟು ಹಳೇ ಫಿರಂಗಿ. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೈನ್ಯ ಜಾರ್ಜ್ ವಾಷಿಂಗ್ಟನ್ ಮತ್ತು ಅವನ ಫ್ರೆಂಚ್ ಮಿತ್ರರಿಗೆ ಶರಣಾದದ್ದು ಅಲ್ಲೇ. ಸೋತ ಸೇನಾಪತಿಯ ಹೆಸರು ಕಂಡಾಗ ಅಲ್ಲೇ ನಿಂತುಬಿಟ್ಟೆ. ಲಾರ್ಡ್ ಕಾರ್ನ್‌ವಾಲಿಸ್!

ಹೌದು ಸ್ವಾಮಿ, ನಮ್ಮ ಹೈಸ್ಕೂಲು ಪುಸ್ತಕದ ಅದೇ ಕಾರ್ನ್‌ವಾಲಿಸ್. ಅಲ್ಲಿ ಸೋತು ಐದು ವರ್ಷಕ್ಕೆ, 1786ರಲ್ಲಿ, ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು, ಇಷ್ಟನ್ನೂ ವಸೂಲಿ ಮಾಡಿದ. ಹೀಗೆ ಒಂದು ವಸಾಹತು ಕೈಬಿಟ್ಟಾಗಲೂ, ಇನ್ನೊಂದು ಕೈಗೆ ಬಂದಾಗಲೂ ಇದ್ದದ್ದು ಒಬ್ಬನೇ ಮನುಷ್ಯ. ಇನ್ನೊಂದು ತಮಾಷೆ ಕೇಳಿ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಾಂಕ್' ಹಡಗನ್ನು ಸೆರೆ ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲ್ಲಿ'. ಅಂದರೆ ನಮ್ಮ ಹೈದರಾಲಿಯೇ! ಶತ್ರುವಿನ ಶತ್ರು ಅನ್ನೋ ಅಭಿಮಾನ :)

ಅಲ್ಲಿಂದಾಚೆ ನಾನು ಕೈಗೆ ಸಿಕ್ಕ ಇತಿಹಾಸದ ಪುಸ್ತಕಗಳನ್ನೆಲ್ಲಾ ಓದಿದೆ. ಅಮೆರಿಕ ಮೇಲೆ ಬಂದದ್ದು ಹೇಗೆ?

1790ರ ಮೊದಲ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 39 ಲಕ್ಷ ಜನ. ದೇಶದ ತುಂಬಾ ಯುದ್ಧದ ಸಾಲ. ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರಾಜ್ಯಗಳ ಸಾಲವನ್ನೂ ಕೇಂದ್ರದ ತಲೆಗೇ ಕಟ್ಟಿ, ಬಡ್ಡಿ ತಪ್ಪದೆ ಕೊಡುವ ವ್ಯವಸ್ಥೆ ಮಾಡಿದ. ಹೊರಗಿನ ಸರಕಿಗೆ ಸುಂಕ ಹಾಕಿ ಸ್ವಂತ ಕಾರ್ಖಾನೆ ಬೆಳೆಸಬೇಕು ಅಂತ 1791ರಲ್ಲಿ ವರದಿ ಬರೆದ. ಆ ವರದಿಯ ಸಲಹೆಗಳೆಲ್ಲ ಕೂಡಲೇ ಜಾರಿಯಾಗಲಿಲ್ಲ, ಆದರೆ 19ನೇ ಶತಮಾನದಲ್ಲಿ ದೇಶ ಹಿಡಿದದ್ದು ಹೆಚ್ಚುಕಮ್ಮಿ ಅದೇ ದಾರಿ. ಅಂತರ್ಯುದ್ಧದ ನಂತರವಂತೂ ಸುಂಕವಿರುವ ಸರಕಿನ ಮೇಲಿನ ಸರಾಸರಿ ದರ ನೂರಕ್ಕೆ 40 ದಾಟಿತ್ತು.

ತಂತ್ರಜ್ಞಾನ ಎಲ್ಲಿಂದ ಬಂತು ಅಂತೀರಾ? ನೂಲಿನ ಯಂತ್ರ ಬಲ್ಲ ಕುಶಲಕರ್ಮಿಗಳು ದೇಶ ಬಿಡಬಾರದು ಅಂತ ಇಂಗ್ಲೆಂಡಿನಲ್ಲಿ ಕಾನೂನಿತ್ತು. 1789ರಲ್ಲಿ ಸ್ಯಾಮುಯೆಲ್ ಸ್ಲೇಟರ್ ಎಂಬಾತ ಯಂತ್ರದ ವಿವರವನ್ನೆಲ್ಲ ತಲೆಯಲ್ಲೇ ತುಂಬಿಕೊಂಡು ಗುಟ್ಟಾಗಿ ಹಡಗು ಹತ್ತಿದ. ರೋಡ್ ಐಲೆಂಡಿನಲ್ಲಿ ಅದನ್ನು ಮತ್ತೆ ಕಟ್ಟಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೋರ್ಸ್ ಕೋಡ್ ಬಾಯಿಪಾಠ ಮಾಡ್ಕೊಂಡು ಬೇರೆ ಕಂಪನಿ ಸೇರಿದ ಹಾಗೆ!

ಇನ್ನು ನೆಲ. 1803ರಲ್ಲಿ ನೆಪೋಲಿಯನ್ ಹತ್ತಿರ ಲೂಸಿಯಾನವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಾಗ ದೇಶದ ಅಳತೆ ಸುಮಾರು ಎರಡರಷ್ಟಾಯಿತು. 1825ರಲ್ಲಿ ಈರಿ ಕಾಲುವೆ ತೆರೆದು ದೊಡ್ಡ ಸರೋವರಗಳ ಸೀಮೆಯ ಧಾನ್ಯ ನ್ಯೂಯಾರ್ಕ್ ಬಂದರಿಗೆ ಇಳಿಯತೊಡಗಿತು. 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ಮೂರು ಕಾನೂನು ಬಂದವು. ಉಳುವವನಿಗೆ 160 ಎಕರೆ, ಖಂಡದ ಆಚೆ ದಡಕ್ಕೆ ರೈಲು, ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಸರ್ಕಾರಿ ಜಮೀನು. 1869ರಲ್ಲಿ ಹಳಿಗಳು ಯೂಟಾದಲ್ಲಿ ಕೂಡಿದವು. ಶತಮಾನ ಮುಗಿಯುವ ಹೊತ್ತಿಗೆ ಕೈಗಾರಿಕೆಯಲ್ಲಿ ಈ ಹಳೇ ವಸಾಹತು ಬ್ರಿಟನ್ನನ್ನು ಹಿಂದೆ ಹಾಕಿತ್ತು.

ಇಷ್ಟು ಓದಿದಾಗ ಕ್ಯಾಂಟೀನಿನ ಮಾತೇ ಸರಿ ಅನ್ನಿಸಿತ್ತು. ಆದರೆ ಅದೇ ಪುಸ್ತಕಗಳ ಇನ್ನೊಂದಷ್ಟು ಪುಟ ಬಾಕಿಯಿದ್ದವು.

ಆ ನೆಲ ಖಾಲಿ ಇರಲಿಲ್ಲ. 1830ರ ಕಾನೂನಿನ ಪ್ರಕಾರ ಮಿಸಿಸಿಪ್ಪಿ ನದಿಯ ಪೂರ್ವದ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಅಟ್ಟಿದರು. 1838-39ರ ಚಳಿಯಲ್ಲಿ ನಡೆದು ಹೋದ ಚೆರೋಕಿಗಳಲ್ಲಿ ಸಾವಿರಾರು ಜನ ಸತ್ತರು. ದುಡಿದವರು ಯಾರು? 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ರಲ್ಲಿ ಸುಮಾರು 40 ಲಕ್ಷ. ಆಗ ಆ ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಅವರು ಬಿಡಿಸಿದ ಹತ್ತಿಯದು.

ಹತ್ತಿ ಅಂದಕೂಡಲೇ ಅಜ್ಜನ ಹೊಲ ನೆನಪಾಯಿತು. ನೆನಪಾಗಿದ್ದು ಸುಮ್ಮನೆ ಅಲ್ಲ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿ, ಅಲ್ಲಿಯ ಬೀಜ ಇಲ್ಲಿ ಬಿತ್ತಿಸಿ ನೋಡಿತು. ಹಲವು ಕಡೆ ಕೈಕೊಟ್ಟ ಬೀಜ ಧಾರವಾಡ ಸೀಮೆಯ ಕಪ್ಪು ಮಣ್ಣಿಗೆ ಒಗ್ಗಿತು. 'ಧಾರವಾಡ-ಅಮೆರಿಕನ್' ಅನ್ನೋ ಹೆಸರಲ್ಲೇ ಪೇಟೆಯಲ್ಲಿ ಮಾರಾಟವಾಯಿತು. ನಮ್ಮ ಜವಾರಿ ಹತ್ತಿಗೆ ಹೊರಗಿನ ಪೇಟೆಯಲ್ಲಿ 'ಕುಮಟಾ' ಅಂತ ಹೆಸರು, ಹಡಗು ಹತ್ತುತ್ತಿದ್ದ ಬಂದರಿನಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಾಗ ನಮ್ಮ ಕಡೆ ಬೆಲೆ ಗಗನಕ್ಕೇರಿತು. 1865ರಲ್ಲಿ ಅಲ್ಲಿ ಯುದ್ಧ ಮುಗಿಯಿತು, ಇಲ್ಲಿ ಬೆಲೆ ಬಿತ್ತು. ಎಲ್ಲೋ ಏಳು ಸಮುದ್ರದಾಚೆ ಗುಂಡು ಹಾರಿದರೆ ಗದುಗಿನ ರೈತನ ಮನೆಯಲ್ಲಿ ದೀಪಾವಳಿ, ಅಲ್ಲಿ ಶಾಂತಿಯಾದರೆ ಇಲ್ಲಿ ಸಾಲ!

ವ್ಯತ್ಯಾಸ ಇಲ್ಲಿದೆ ಅಂತ ನನಗನ್ನಿಸುತ್ತೆ. ಇಬ್ಬರೂ ಹತ್ತಿ ಮಾರಿದೆವು. ಆದರೆ ಸುಂಕ ಎಷ್ಟು, ಯಾರ ಮೇಲೆ ಅನ್ನೋದನ್ನ ಅವರು ತಮ್ಮ ಕಾಂಗ್ರೆಸ್ಸಿನಲ್ಲಿ ಕೂತು ತೀರ್ಮಾನಿಸುತ್ತಿದ್ದರು. ನಮ್ಮಲ್ಲಿ? ಲ್ಯಾಂಕಾಶೈರಿನ ಒತ್ತಡಕ್ಕೆ 1882ರಲ್ಲಿ ಆಮದು ಬಟ್ಟೆಯ ಸುಂಕವನ್ನೇ ತೆಗೆದರು. ಬೊಕ್ಕಸಕ್ಕೆ ದುಡ್ಡು ಸಾಲದೆ ಮತ್ತೆ ಹಾಕಬೇಕಾಗಿ ಬಂದಾಗ, 1896ರಲ್ಲಿ ನಮ್ಮ ಗಿರಣಿಗಳ ಬಟ್ಟೆಗೂ ಸರಿಸಮವಾಗಿ ನೂರಕ್ಕೆ ಮೂರೂವರೆ ತೆರಿಗೆ ಹಾಕಿದರು! ರೈಲೂ ಅಷ್ಟೇ. ಎರಡೂ ಕಡೆ ಬ್ರಿಟಿಷ್ ಬಂಡವಾಳ ಹರಿಯಿತು. 1840ರ ದಶಕದಲ್ಲಿ ಪೆನ್ಸಿಲ್ವೇನಿಯಾ, ಮಿಸಿಸಿಪ್ಪಿ ಮುಂತಾದ ರಾಜ್ಯಗಳು ಲಂಡನ್ನಿನ ಸಾಲಗಾರರಿಗೆ ಬಡ್ಡಿ ಕೊಡದೆ ಕೈಯೆತ್ತಿದವು. ಇಲ್ಲಿ ರೈಲು ಕಂಪನಿಗಳ ಷೇರುದಾರರಿಗೆ ನೂರಕ್ಕೆ 5ರ ಲಾಭದ ಖಾತರಿ ಇತ್ತು, ಕಡಿಮೆ ಬಿದ್ದದ್ದನ್ನು ತುಂಬುತ್ತಿದ್ದದ್ದು ಭಾರತದ ಕಂದಾಯ.

ಅಂದಮೇಲೆ "ಅವ್ರೂ ವಸಾಹತು, ನಾವೂ ವಸಾಹತು" ಅನ್ನೋದು ಪದದ ಮೋಸ. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿದವರು ಹೆಚ್ಚಾಗಿ ಅಲ್ಲಿ ಹೋಗಿ ನೆಲೆಸಿದವರ ಮಕ್ಕಳು. ವರ್ಜೀನಿಯಾದಲ್ಲಿ 1619ರಿಂದಲೇ ಅವರದೊಂದು ಶಾಸನಸಭೆ ಇತ್ತು. ನಮಗೆ ಹೋಲಿಕೆ ಹುಡುಕುವುದಾದರೆ ವಾಷಿಂಗ್ಟನ್ ಹತ್ತಿರ ಅಲ್ಲ, ಚೆರೋಕಿಗಳ ಹತ್ತಿರ ಹುಡುಕಬೇಕೇನೋ.

ಹಾಗಂತ ಅವರ ಸಾಧನೆ ಸುಳ್ಳಲ್ಲ. ಕಾಲೇಜಿಗೆ ಜಮೀನು ಕೊಟ್ಟದ್ದು, ಸಾಲದ ಮಾತು ಉಳಿಸಿಕೊಂಡು ಸರ್ಕಾರದ ನಂಬಿಕೆ ಕಟ್ಟಿದ್ದು ಕಲಿಯಬೇಕಾದ ಪಾಠಗಳೇ. 1944ರ ಜುಲೈನಲ್ಲಿ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳು ಸೇರಿ ಡಾಲರನ್ನು ಜಗತ್ತಿನ ಹಣದ ನಡುಗಂಬ ಮಾಡಿದವು. ಐ.ಎಂ.ಎಫ್., ವಿಶ್ವಬ್ಯಾಂಕ್ ಎರಡೂ ವಾಷಿಂಗ್ಟನ್ನಿನಲ್ಲೇ ಕೂತವು. 1946ರಲ್ಲಿ ಬ್ರಿಟನ್ ತನ್ನ ಹಳೇ ವಸಾಹತಿನ ಹತ್ತಿರ 375 ಕೋಟಿ ಡಾಲರ್ ಸಾಲಕ್ಕೆ ಕೈಯೊಡ್ಡಿತು. ಅದರ ಕೊನೇ ಕಂತು ತೀರಿದ್ದು 2006ರ ಡಿಸೆಂಬರಿನಲ್ಲಿ! ಆದರೆ ಇದೇ ದೇಶ 1898ರಲ್ಲಿ ಸ್ಪೇನನ್ನು ಸೋಲಿಸಿ, 2 ಕೋಟಿ ಡಾಲರ್ ಕೊಟ್ಟು ಫಿಲಿಪೈನ್ಸನ್ನು ತೆಗೆದುಕೊಂಡು ತಾನೇ ವಸಾಹತುಗಾರನೂ ಆಗಿತ್ತು. ಫಿಲಿಪೈನ್ಸಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1946ರ ಜುಲೈ 4ಕ್ಕೆ. ತಾರೀಖು ನೋಡಿ!

ಹೋದ ವಾರ ಅಜ್ಜನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವತ್ತು ಹಾಗೆ ಮಾತಾಡಿದ್ದು ತಪ್ಪಾಯ್ತು ಅಂತಲೂ ಹೇಳಿದೆ. ಅವನಿಗೆ ಆ ಮಾತು ನೆನಪೇ ಇರಲಿಲ್ಲ. ಹತ್ತಿ ಕಥೆಯನ್ನು ಮಾತ್ರ ಪೂರ್ತಿ ಕೇಳಿಸಿಕೊಂಡ. ಕೊನೆಗೆ ಅಂದ: "ಅಲ್ಲಪಾ, ರೇಟು ನಾವೂ ಹೇಳಲಿಲ್ಲ, ಅಲ್ಲಿ ಹತ್ತಿ ಬಿಡಿಸಿದವ್ರೂ ಹೇಳಲಿಲ್ಲ. ಮತ್ತ ಹೇಳಿದವ್ರು ಯಾರು?"

ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ನೀವೇನಂತೀರಿ?