ಅಟ್ಟದ ಮೇಲಿನ ಲೆಕ್ಕ: ಕೃಷಿ ಅರ್ಥಶಾಸ್ತ್ರವೂ ಉಂಡೆ ಕೊಬ್ಬರಿಯೂ

ತುಮಕೂರು ಜಿಲ್ಲೆಯ ಮಾಯಸಂದ್ರದ ತೋಟದಲ್ಲಿ ಇಂದು ಕೆಡವಿದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಎಪಿಎಂಸಿ ಸೇರಲು ಹತ್ತು ಹನ್ನೊಂದು ತಿಂಗಳು ಬೇಕು. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುವವರೆಗೆ ಮನೆಯ ದುಡ್ಡು ಅಲ್ಲೇ ಕೂತಿರುತ್ತದೆ. ಕೃಷಿ ಅರ್ಥಶಾಸ್ತ್ರ ನೂರು ವರ್ಷಗಳಲ್ಲಿ ಬಹಳ ಬೆಳೆದಿದೆ. ಆದರೂ ಈ ಕಾಯುವಿಕೆಯ ಬೆಲೆ ಅದರ ಲೆಕ್ಕಕ್ಕೆ ಸರಿಯಾಗಿ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಮದ್ರಾಸ್ ವಿಶ್ವವಿದ್ಯಾಲಯದ ಗಿಲ್ಬರ್ಟ್ ಸ್ಲೇಟರ್ 1916ರ ಸುಮಾರಿಗೆ ವಿದ್ಯಾರ್ಥಿಗಳಿಂದ ಅವರವರ ಹಳ್ಳಿಗಳ ಸಮೀಕ್ಷೆ ಮಾಡಿಸಿದರು. ಆಗಿನ ಪ್ರಶ್ನೆಗಳು ಹಿಡುವಳಿ, ಸಾಲ, ಕೂಲಿಯವು. 1928ರಲ್ಲಿ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. ಕರ್ನಾಟಕದ 1966ರ ಎಪಿಎಂಸಿ ಕಾಯ್ದೆ ಅದೇ ಚಿಂತನೆಯ ಮುಂದುವರಿಕೆ. ಬಡ ರೈತ ಇದ್ದುದರಲ್ಲೇ ಜಾಣತನದಿಂದ ಲೆಕ್ಕ ಹಾಕುತ್ತಾನೆಂದು ಥಿಯೋಡರ್ ಷುಲ್ಟ್ಸ್ 1964ರಲ್ಲಿ ವಾದಿಸಿದರು. ಎಳನೀರಿಗೆ ಕೊಡುವುದೋ, ಕಾಯಿಗೇ ಮಾರುವುದೋ, ಅಟ್ಟಕ್ಕೆ ಹಾಕುವುದೋ ಎಂದು ಪ್ರತಿ ಕೊಯ್ಲಿಗೂ ತೂಗಿ ನೋಡುವ ತುರುವೇಕೆರೆ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಅಮೆರಿಕದ ಗೋಧಿಯನ್ನು ನೆಚ್ಚಿಕೊಂಡಿದ್ದ ಕಾಲದಲ್ಲಿ, 1965ರಲ್ಲಿ, ಕೃಷಿ ಬೆಲೆ ಆಯೋಗವೂ ಆಹಾರ ನಿಗಮವೂ ಹುಟ್ಟಿದವು. ಸರ್ಕಾರ ಕೊಂಡ ಅಕ್ಕಿ, ಗೋಧಿಗೆ ಪಡಿತರದ ದಾರಿಯಿತ್ತು. ಮುಂದೆ ಎಣ್ಣೆ ಕೊಬ್ಬರಿಗೂ ಉಂಡೆ ಕೊಬ್ಬರಿಗೂ ಬೇರೆಬೇರೆ ಬೆಂಬಲ ಬೆಲೆ ಬಂತು, ಅಂಥ ದಾರಿ ಮಾತ್ರ ಬರಲಿಲ್ಲ. ಕೇಂದ್ರದ ಪರವಾಗಿ ಖರೀದಿಸುವ ನಾಫೆಡ್ ಸಂಸ್ಥೆ ಕೊಂಡದ್ದನ್ನು ತಿರುಗಿ ಮಾರುಕಟ್ಟೆಗೇ ಬಿಡಬೇಕು. ಆ ದಾಸ್ತಾನು ಯಾವಾಗ ಹೊರಬರುವುದೋ ಎಂಬ ಅಂಜಿಕೆಯೇ ದರವನ್ನು ಜಗ್ಗುತ್ತದೆ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ; ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಇಳಿಯಿತು. 2024ರಲ್ಲಿ ಕೇಂದ್ರದ 12,000ಕ್ಕೆ ರಾಜ್ಯ 1,500 ಸೇರಿಸಿತು. ಖರೀದಿ ಕೇಂದ್ರಗಳ ಮುಂದೆ ಜನ ಸರತಿ ನಿಂತರು, ನೋಂದಣಿ ಕೆಲವೇ ದಿನಗಳಲ್ಲಿ ಮುಗಿಯಿತು, ಅಕ್ರಮದ ದೂರುಗಳೆದ್ದು ಮತ್ತೊಮ್ಮೆ ನೋಂದಣಿ ನಡೆಯಿತು. ವರ್ಷವಿಡೀ ಮಾಗುವ ಬೆಳೆಗೆ ಕೆಲವು ದಿನಗಳ ಬಾಗಿಲು ತೆರೆಯುವುದು ನ್ಯಾಯವಲ್ಲ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆ ದರ 25,000 ದಾಟಿತು. ಆದರೆ ಇಳುವರಿ ಕುಸಿದಿದ್ದರಿಂದಲೇ ದರ ಏರಿತ್ತು. ಅಟ್ಟ ತುಂಬಿದ್ದವರು ಕಡಿಮೆ.

ನೋಂದಾಯಿತ ಗೋದಾಮಿನ ರಸೀದಿಯ ಮೇಲೆ ಸಾಲ ಪಡೆಯಲು 2007ರ ಉಗ್ರಾಣ ಕಾಯ್ದೆ ಅನುವು ಮಾಡಿತು. ಮನೆಯ ಅಟ್ಟ ಅದರ ಲೆಕ್ಕಕ್ಕಿಲ್ಲ. ಹೀಗಾಗಿ ಮಕ್ಕಳ ಫೀಸಿಗೋ ಆಸ್ಪತ್ರೆಗೋ ದುಡ್ಡು ಬೇಕಾದ ಸಣ್ಣ ಹಿಡುವಳಿದಾರರು ಕಾಯಿಯನ್ನು ಗಿಟುಕಾಗುವ ಮೊದಲೇ ಮಾರುತ್ತಾರೆ. ದರ ಏರಿದರೆ ಅದರ ಲಾಭ ಕಾಯುವ ಶಕ್ತಿಯುಳ್ಳವರಿಗೆ. ಅಟ್ಟದ ಕಾಯಿಯನ್ನೇ ಆಧಾರವಾಗಿಟ್ಟುಕೊಂಡು ಊರಿನ ಸಹಕಾರ ಸಂಘ ಸಾಲ ಕೊಡಬಹುದೇ, ಬೆಲೆ ಬಿದ್ದರೆ ನಷ್ಟ ಯಾರು ಹೊರಬೇಕು? ತುಮಕೂರು ಸೀಮೆಯನ್ನು ಅಧ್ಯಯನಕ್ಕೆ ಆರಿಸಿಕೊಳ್ಳುವ ಅರ್ಥಶಾಸ್ತ್ರಜ್ಞರು ಮೊದಲು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ ಇದು.